ಎಲ್ಲ ಚೀಟಿಗಳನ್ನೂ ಒಟ್ಟಿಗೆ ಓದುವವರು ಯಾರು?

ನಮ್ಮ ದೊಡ್ಡಮ್ಮನ ವೈದ್ಯಕೀಯ ಕಡತದಲ್ಲಿ ಒಂದು ಕಡೆ "ರೋಗಿ ಔಷಧವನ್ನು ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ" ಎಂದು ಬರೆದಿದೆ. ಬರೆದವರು ಸುಳ್ಳು ಬರೆದಿಲ್ಲ. ಹೃದಯದ ಬಲ ಕುಗ್ಗಿ ಕಾಲುಗಳಲ್ಲಿ ನೀರು ತುಂಬಿಕೊಳ್ಳುತ್ತಿದ್ದುದರಿಂದ ದಿನವೂ ಬೆಳಿಗ್ಗೆ ನುಂಗಬೇಕೆಂದು ಕೊಟ್ಟಿದ್ದ ನೀರಿಳಿಸುವ ಮಾತ್ರೆಯನ್ನು ಅವರು ಆಗಾಗ ಬಿಟ್ಟುಬಿಡುತ್ತಿದ್ದದ್ದು ನಿಜ. ಏಕೆ ಬಿಡುತ್ತಿದ್ದರು ಎಂಬುದು ಮಾತ್ರ ಕಡತದಲ್ಲಿ ಇರಲಿಲ್ಲ, ಏಕೆಂದರೆ ಅದನ್ನು ಯಾರೂ ಕೇಳಿರಲಿಲ್ಲ. ಪ್ರತಿ ಸಲವೂ ಅವರ ಜೊತೆಗೆ ಹೋಗುತ್ತಿದ್ದ ನಾನೂ ಕೇಳಿರಲಿಲ್ಲ. ಬದಲಿಗೆ "ಇಷ್ಟು ಓದಿಕೊಂಡವರು ಒಂದು ಮಾತ್ರೆ ನುಂಗಲಾರಿರಾ" ಎಂದು ಗದರಿದ್ದೆ.

ಒಮ್ಮೆ ರಕ್ತದ ಮಾದರಿ ತೆಗೆಯುತ್ತಿದ್ದ ದಾದಿಯೊಬ್ಬರು, ಸೂಜಿಯ ಕಡೆಯಿಂದ ಗಮನ ತಿರುಗಿಸಲೆಂದೋ ಏನೋ, "ಯಾವ್ಯಾವ ದಿನ ಮಾತ್ರೆ ತಪ್ಪುತ್ತದೆ ಅಮ್ಮಾ?" ಎಂದು ಕೇಳಿದರು. "ಆಸ್ಪತ್ರೆಗೆ ಬರುವ ದಿನ" ಎಂದರು ದೊಡ್ಡಮ್ಮ. ಆ ಮಾತ್ರೆ ನುಂಗಿದ ಒಂದು ಗಂಟೆಯೊಳಗೆ ಮೂತ್ರಕ್ಕೆ ಅವಸರ ತೊಡಗುತ್ತದೆ, ಆಮೇಲೆ ಕೆಲವು ಗಂಟೆ ಅದು ಬಿಡುವುದಿಲ್ಲ. ಕಾಯುವ ಬೆಂಚಿನಿಂದ ಎದ್ದು, ಸವೆದ ಮೊಣಕಾಲನ್ನು ಎಳೆದುಕೊಂಡು ಶೌಚಾಲಯದವರೆಗೆ ಹೋಗಿ ಬರುವುದರೊಳಗೆ ತಮ್ಮ ಹೆಸರು ಕರೆದುಬಿಟ್ಟರೆ? ಕಿವಿ ಮಂದವಾದ ಅವರಿಗೆ ಕರೆದದ್ದು ಕೇಳಿಸುವುದೂ ಇಲ್ಲ. ಹೃದಯದವರನ್ನು, ಕಿಡ್ನಿಯವರನ್ನು, ಕಣ್ಣಿನವರನ್ನು, ಮೂಳೆಯವರನ್ನು ಬೇರೆಬೇರೆ ದಿನಗಳಲ್ಲಿ ನೋಡಬೇಕಾಗಿದ್ದುದರಿಂದ ಅಂಥ ದಿನಗಳು ತಿಂಗಳಿಗೆ ಅರ್ಧ ಡಜನ್ ಬರುತ್ತಿದ್ದವು. ಅವರ ಮಾತ್ರೆಯನ್ನು ತಪ್ಪಿಸುತ್ತಿದ್ದದ್ದು, ಬೇರೆಲ್ಲದಕ್ಕಿಂತ ಹೆಚ್ಚಾಗಿ, ಅವರ ಚಿಕಿತ್ಸೆಯೇ.

ದಾದಿ ಆ ಮಾತನ್ನು ವೈದ್ಯರಿಗೆ ತಲುಪಿಸಿದರು. ಹೊರಗೆ ಹೋಗುವ ದಿನ ಮಾತ್ರೆಯನ್ನು ಮನೆಗೆ ಬಂದ ಮೇಲೆ ಮಧ್ಯಾಹ್ನ ನುಂಗಿದರೂ ಆದೀತು ಎಂದು ವೈದ್ಯರು ಚೀಟಿಯಲ್ಲಿ ಒಂದು ಸಾಲು ಸೇರಿಸಿದರು. ಅಷ್ಟೇ. ಹೊಸ ಔಷಧವಿಲ್ಲ, ಹೊಸ ಪರೀಕ್ಷೆಯಿಲ್ಲ.

ಆರೋಗ್ಯ ಸೇವೆಯ ಬರವಣಿಗೆಗಳಲ್ಲಿ "ಸಂಕೀರ್ಣ ಅಗತ್ಯಗಳುಳ್ಳ ರೋಗಿ" ಎಂಬ ಮಾತು ಬಂದಾಗಲೆಲ್ಲ ನನಗೆ ಆ ಬೆಂಚು ನೆನಪಾಗುತ್ತದೆ. ಕಾಯಿಲೆಗಳ ಪಟ್ಟಿ ಉದ್ದವಾದ ಮಾತ್ರಕ್ಕೆ ಯಾರೂ ಸಂಕೀರ್ಣರಾಗುವುದಿಲ್ಲ. ಒಂದು ತೊಂದರೆಯ ಪರಿಹಾರ ಇನ್ನೊಂದರ ಕಾಲಿಗೆ ತೊಡರಿಕೊಳ್ಳುವಾಗ, ಅದರ ಜೊತೆಗೆ ಒಂಟಿತನವೋ ಬಡತನವೋ ಮರೆವೋ ಮನಸ್ಸಿನ ಕುಸಿತವೋ ಸೇರಿಕೊಂಡಾಗ ಗಂಟು ಬೀಳುತ್ತದೆ. ದೊಡ್ಡಮ್ಮನ ಹೃದಯ, ಮೊಣಕಾಲು, ಕಿವಿ ಮೂರೂ ಆ ಬೆಂಚಿನ ಮೇಲೆ ಒಟ್ಟಿಗೇ ಕೂತಿದ್ದವು. ಆಸ್ಪತ್ರೆಯಲ್ಲಿ ಮಾತ್ರ ಅವು ಮೂರು ವಿಭಾಗಗಳಲ್ಲಿದ್ದವು.

ಇದು ಕೆಲವೇ ನತದೃಷ್ಟರ ಪಾಡು ಎಂದು ತಳ್ಳಿಹಾಕುವಂತಿಲ್ಲ. ಸ್ಕಾಟ್ಲೆಂಡಿನ ಸುಮಾರು 17.5 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ 2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಶೇಕಡಾ 23ರಷ್ಟು ಮಂದಿಗೆ ಎರಡು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆಗಳಿದ್ದವು. ಪ್ರಮಾಣದಲ್ಲಿ ಇದು ಮುದುಕರಲ್ಲಿ ಹೆಚ್ಚು ಎಂಬುದು ನಿಜವಾದರೂ ತಲೆ ಎಣಿಸಿದರೆ 65 ವರ್ಷಕ್ಕಿಂತ ಕಿರಿಯರೇ ಹೆಚ್ಚಾಗಿದ್ದರು. ತೀರಾ ಬಡ ಪ್ರದೇಶಗಳಲ್ಲಿ ಬಹುರೋಗದ ಸ್ಥಿತಿ ಸ್ಥಿತಿವಂತರ ಪ್ರದೇಶಗಳಿಗಿಂತ 10ರಿಂದ 15 ವರ್ಷ ಮೊದಲೇ ಬಂದೆರಗುತ್ತಿತ್ತು. ಅಂದರೆ ದುಡಿಯುವ ವಯಸ್ಸಿನಲ್ಲಿ, ಮಕ್ಕಳನ್ನೋ ಹೆತ್ತವರನ್ನೋ ನೋಡಿಕೊಳ್ಳುತ್ತಿರುವಾಗಲೇ ನಾಲ್ಕು ವಿಭಾಗಗಳ ಬಾಗಿಲು ಕಾಯಬೇಕಾದವರು ಅನೇಕರಿದ್ದಾರೆ.

ಆದರೆ ವೈದ್ಯಕೀಯದ ಕಟ್ಟಡ ನಿಂತಿರುವುದು ಒಂದು ಸಲಕ್ಕೆ ಒಂದು ಕಾಯಿಲೆ ಎಂಬ ತಳಪಾಯದ ಮೇಲೆ. ಔಷಧಗಳ ಪ್ರಯೋಗಗಳಲ್ಲಿ ಹಲವು ಕಾಯಿಲೆಗಳಿರುವವರನ್ನು ಬಹುಮಟ್ಟಿಗೆ ಹೊರಗಿಡುತ್ತಾರೆ, ಫಲಿತಾಂಶ ಕಲಸಿಹೋಗಬಾರದೆಂದು. ಆ ಪ್ರಯೋಗಗಳಿಂದ ಒಂದೊಂದು ಕಾಯಿಲೆಗೆ ಒಂದೊಂದು ಮಾರ್ಗಸೂಚಿ ಹುಟ್ಟುತ್ತದೆ. ಕೊನೆಗೆ ಆ ಮಾರ್ಗಸೂಚಿಗಳೆಲ್ಲ ಪ್ರಯೋಗದಿಂದ ಹೊರಗಿಟ್ಟಿದ್ದ ಅದೇ ವ್ಯಕ್ತಿಯ ತಲೆಯ ಮೇಲೆ ಒಟ್ಟಿಗೆ ಬಂದು ಕೂರುತ್ತವೆ. ಇದರ ಪರಿಣಾಮವನ್ನು ಅಮೆರಿಕದ ವೈದ್ಯೆ ಸಿಂಥಿಯಾ ಬಾಯ್ಡ್ ಮತ್ತು ಸಂಗಡಿಗರು 2005ರಲ್ಲಿ ಸರಳವಾದ ಲೆಕ್ಕದ ಮೂಲಕ ತೋರಿಸಿದರು. 79 ವರ್ಷದ ಹೆಂಗಸೊಬ್ಬರನ್ನು ಅವರು ಕಲ್ಪಿಸಿಕೊಂಡರು. ಆಕೆಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂಳೆ ಟೊಳ್ಳಾಗುವಿಕೆ, ಕೀಲು ಸವೆತ ಮತ್ತು ದೀರ್ಘಕಾಲದ ಶ್ವಾಸಕೋಶದ ತೊಂದರೆ ಇವೆ. ಐದು ಕಾಯಿಲೆಗಳ ಮಾರ್ಗಸೂಚಿಗಳನ್ನು ಚಾಚೂ ತಪ್ಪದೆ ಪಾಲಿಸಿದರೆ ಆಕೆಗೆ 12 ಔಷಧಗಳು ಬೇಕಾಗುತ್ತವೆ, ದಿನಕ್ಕೆ ಒಟ್ಟು 19 ಡೋಸ್. ಪಥ್ಯ, ವ್ಯಾಯಾಮ, ತಪಾಸಣೆಗಳ ಪಟ್ಟಿ ಬೇರೆ. ಒಂದಕ್ಕೆ ಕೊಟ್ಟದ್ದು ಇನ್ನೊಂದಕ್ಕೆ ಮುಳುವಾಗುವ ಸಂದರ್ಭಗಳೂ ಆ ಲೆಕ್ಕದಲ್ಲಿದ್ದವು. ಪ್ರತಿಯೊಬ್ಬ ವೈದ್ಯರೂ ತಮ್ಮ ಮಟ್ಟಿಗೆ ಸರಿಯಾಗಿಯೇ ಇರುತ್ತಾರೆ, ಒಟ್ಟು ಮೊತ್ತ ಮಾತ್ರ ತಪ್ಪಾಗಿರುತ್ತದೆ.

ಅದು ಹೇಗೆ ನಡೆಯುತ್ತದೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇವೆ. ಮೊಣಕಾಲಿನ ನೋವಿಗೆಂದು ಒಬ್ಬರು ನೋವಿನ ಮಾತ್ರೆ ಬರೆದರು. ಆ ಜಾತಿಯ ನೋವುನಿವಾರಕಗಳು ದೇಹದಲ್ಲಿ ಉಪ್ಪು ಮತ್ತು ನೀರನ್ನು ಹಿಡಿದಿಡುತ್ತವೆ, ಕಿಡ್ನಿಗೆ ಹೋಗುವ ರಕ್ತವನ್ನು ಕುಗ್ಗಿಸುತ್ತವೆ. ಎರಡು ವಾರದಲ್ಲಿ ದೊಡ್ಡಮ್ಮನ ಪಾದಗಳು ಊದಿಕೊಂಡವು. ಹೃದಯದ ವೈದ್ಯರು ಊತವನ್ನು ನೋಡಿ ನೀರಿಳಿಸುವ ಮಾತ್ರೆಯ ಪ್ರಮಾಣ ಹೆಚ್ಚಿಸಿದರು. ಅದರಿಂದ ಪೊಟ್ಯಾಸಿಯಂ ಇಳಿಯಿತು, ಅದಕ್ಕೊಂದು ಔಷಧ ಬಂತು. ತಲೆಸುತ್ತು ತೊಡಗಿತು, ಅದಕ್ಕೂ ಒಂದು ಮಾತ್ರೆ ಬಂತು. ನಡುವೆ ಕಿಡ್ನಿಯ ಪರೀಕ್ಷೆಯ ಅಂಕಿ ಏರಿ ಕಿಡ್ನಿಯವರು ಹುಬ್ಬೇರಿಸಿದರು. ಒಂದು ಔಷಧದ ಅಡ್ಡಪರಿಣಾಮವನ್ನು ಹೊಸ ಕಾಯಿಲೆಯೆಂದು ಭ್ರಮಿಸಿ ಇನ್ನೊಂದು ಔಷಧ ಕೊಡುವ ಈ ಸರಪಳಿಯನ್ನು ವೈದ್ಯಶಾಸ್ತ್ರ 1990ರ ದಶಕದಿಂದಲೂ ಹೆಸರಿಟ್ಟು ಗುರುತಿಸುತ್ತ ಬಂದಿದೆ. ಗುರುತಿಸಲು ಬೇಕಾದದ್ದು ವಿಶೇಷ ಪಾಂಡಿತ್ಯವೂ ಅಲ್ಲ. ಎಲ್ಲ ಚೀಟಿಗಳನ್ನೂ ತಾರೀಖಿನ ಕ್ರಮದಲ್ಲಿ ಜೋಡಿಸಿ, ಒಬ್ಬರೇ ಕೂತು ಓದಬೇಕು. ನಮ್ಮ ವಿಷಯದಲ್ಲಿ ಕೊನೆಗೆ ಆ ಕೆಲಸ ಮಾಡಿದ್ದು ಔಷಧದ ಕಿಟಕಿಯಲ್ಲಿ ಕೂತಿದ್ದ ಫಾರ್ಮಸಿಸ್ಟ್. ಅದು ಅವರ ಕೆಲಸವೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಇಲ್ಲಿ ಗಮನಕ್ಕೆ ಬಾರದೆ ಉಳಿಯುವ ಇನ್ನೊಂದು ಸಂಗತಿಯಿದೆ: ರೋಗಿಯಾಗಿರುವುದೂ ಒಂದು ದುಡಿಮೆ. ಮಾತ್ರೆಗಳನ್ನು ವಾರದ ಡಬ್ಬಿಗೆ ತುಂಬುವುದು, ಸಕ್ಕರೆಯ ಅಂಶ ನೋಡಿ ಬರೆದಿಡುವುದು, ದಿನವೂ ತೂಕ ನೋಡುವುದು, ಮುಂದಿನ ಭೇಟಿಗೆ ಸಮಯ ಗೊತ್ತುಮಾಡುವುದು, ಹಳೆಯ ವರದಿ ಹುಡುಕುವುದು, ಒಬ್ಬ ವೈದ್ಯರು ಹೇಳಿದ್ದನ್ನು ಇನ್ನೊಬ್ಬರಿಗೆ ಒಪ್ಪಿಸುವುದು, ಇವೆಲ್ಲವನ್ನೂ ಸಂಬಳವಿಲ್ಲದೆ, ರಜೆಯಿಲ್ಲದೆ, ಮೈ ಹುಷಾರಿಲ್ಲದಿರುವಾಗಲೇ ಮಾಡಬೇಕು. ವಿಕ್ಟರ್ ಮೊಂಟೋರಿ, ಕಾರ್ಲ್ ಮೇ ಮತ್ತು ಫ್ರಾನ್ಸೆಸ್ ಮೇರ್ ಎಂಬ ಸಂಶೋಧಕರು 2009ರಲ್ಲಿ ಬಿಎಂಜೆ ಎಂಬ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನದಲ್ಲಿ ರೋಗಿಯ ಬದುಕನ್ನು ಆದಷ್ಟು ಕಡಿಮೆ ಕದಡುವ ವೈದ್ಯಕೀಯ ಬೇಕೆಂದು ವಾದಿಸಿದರು. ಹೊರೆ ತಾಳುವ ಶಕ್ತಿಯನ್ನು ಮೀರಿದಾಗ ಜನ ಕೆಲವನ್ನು ಕೈಬಿಡುತ್ತಾರೆ. ಅದನ್ನು ಅವಿಧೇಯತೆ ಎಂದು ಓದಿ ಚಿಕಿತ್ಸೆಯನ್ನು ಇನ್ನಷ್ಟು ಬಿಗಿಗೊಳಿಸಿದರೆ ಹೊರೆ ಮತ್ತಷ್ಟು ಹೆಚ್ಚುತ್ತದೆ. ದೊಡ್ಡಮ್ಮನ ಕಡತದ ಆ ವಾಕ್ಯಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನನಗೆ ಸಿಕ್ಕಿಲ್ಲ. ಹೊಸ ಔಷಧ ಬರೆಯುವಾಗ ಅದರ ಅಡ್ಡಪರಿಣಾಮಗಳನ್ನು ಯೋಚಿಸುವಂತೆಯೇ ಅದು ರೋಗಿಯ ದಿನದಲ್ಲಿ ಎಷ್ಟು ಹೊತ್ತನ್ನು ನುಂಗುತ್ತದೆ ಎಂಬುದನ್ನೂ ಯೋಚಿಸುವ ಪದ್ಧತಿ ಬರಬೇಕಾಗಿದೆ.

ಈ ಎಲ್ಲಕ್ಕೂ ಉತ್ತರವಾಗಿ "ವ್ಯಕ್ತಿಕೇಂದ್ರಿತ ಆರೈಕೆ" ಎಂಬ ಪದವನ್ನು ಮುಂದಿಡುತ್ತಾರೆ. ಪದ ಹೊಸದಲ್ಲ. ಮನೋವಿಶ್ಲೇಷಕಿ ಎನಿಡ್ ಬಾಲಿಂಟ್ 1969ರಲ್ಲೇ ಕಾಯಿಲೆಯನ್ನು ಕೇಂದ್ರದಲ್ಲಿಡುವ ವೈದ್ಯಕೀಯದಿಂದ ರೋಗಿಯನ್ನು ಕೇಂದ್ರದಲ್ಲಿಡುವ ವೈದ್ಯಕೀಯವನ್ನು ಬೇರ್ಪಡಿಸಿ ಬರೆದಿದ್ದರು. ಅಮೆರಿಕದ ವೈದ್ಯಕೀಯ ಸಂಸ್ಥೆ 2001ರ ತನ್ನ ವರದಿಯಲ್ಲಿ ಒಳ್ಳೆಯ ಆರೋಗ್ಯ ಸೇವೆಯ ಆರು ಗುರಿಗಳಲ್ಲಿ ಇದನ್ನೂ ಒಂದಾಗಿ ಸೇರಿಸಿತು. ಆಮೇಲೆ ಪದ ಎಲ್ಲ ಗೋಡೆಗಳ ಮೇಲೂ ಬಂತು, ಬಂದಷ್ಟೇ ವೇಗದಲ್ಲಿ ತೆಳುವಾಯಿತು. ಹಲವು ಕಡೆ ಅದರ ಅರ್ಥ ನಗುಮುಖದ ಸ್ವಾಗತ, ಮೆತ್ತನೆಯ ಕುರ್ಚಿ, ಹೊರಡುವಾಗ ತುಂಬಿಸಿಕೊಳ್ಳುವ ಅಭಿಪ್ರಾಯದ ಫಾರಂ ಎಂಬಲ್ಲಿಗೆ ಬಂದು ನಿಂತಿದೆ. ಸೌಜನ್ಯ ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ದೊಡ್ಡಮ್ಮನನ್ನು ಎಲ್ಲರೂ ಸೌಜನ್ಯದಿಂದಲೇ ಕಂಡಿದ್ದರು; ಆ ನೋವಿನ ಮಾತ್ರೆಯನ್ನು ಬರೆದವರಂತೂ ಎದ್ದು ನಿಂತು ಬಾಗಿಲವರೆಗೆ ಕೈಹಿಡಿದು ಬಿಟ್ಟುಹೋಗಿದ್ದರು.

ಕೇಳಿಸಿಕೊಳ್ಳಲು ಸಮಯವಿಲ್ಲ ಎಂಬುದು ವೈದ್ಯರ ಕಡೆಯ ದೂರು, ಅದರಲ್ಲಿ ಹುರುಳೂ ಇದೆ. ಆದರೂ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬಹುದು. ಹೊವರ್ಡ್ ಬೆಕ್‌ಮನ್ ಮತ್ತು ರಿಚರ್ಡ್ ಫ್ರಾಂಕೆಲ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈದ್ಯರು ರೋಗಿಯ ಮೊದಲ ಮಾತನ್ನು ಸರಾಸರಿ 18 ಸೆಕೆಂಡುಗಳಲ್ಲಿ ತಡೆದಿದ್ದರು. 2002ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಹೊರರೋಗಿ ವಿಭಾಗದಲ್ಲಿ ವೈದ್ಯರು ನಡುವೆ ಬಾಯಿ ಹಾಕದೆ ಕೂತು ನೋಡಿದಾಗ ರೋಗಿಗಳು ತಾವಾಗಿಯೇ ಮಾತಾಡಿ ಮುಗಿಸಲು ತೆಗೆದುಕೊಂಡ ಸರಾಸರಿ ಸಮಯ 92 ಸೆಕೆಂಡು. ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿ ಎರಡು ನಿಮಿಷದೊಳಗೆ ಮುಗಿಸಿದ್ದರು. ಆ ವಿಭಾಗಕ್ಕೆ ಬರುತ್ತಿದ್ದವರಲ್ಲಿ ತೊಡಕಿನ ಕಾಯಿಲೆಯವರೇ ಹೆಚ್ಚಾಗಿದ್ದರು ಎಂಬುದನ್ನು ಮರೆಯಬಾರದು. ಒಂದೂಕಾಲು ನಿಮಿಷದ ಈ ಅಂತರಕ್ಕೆ ನಾವು ಹೆದರಿಕೊಂಡಿದ್ದೇವೆ.

ಕೇಳುವುದರಲ್ಲೂ ಬಗೆಗಳಿವೆ. "ನಿಮಗೆ ಏನು ಮುಖ್ಯ?" ಎಂದು ನೇರವಾಗಿ ಕೇಳಿದರೆ ಹೆಚ್ಚಿನವರು "ಆರೋಗ್ಯ" ಎನ್ನುತ್ತಾರೆ, ಇನ್ನೇನು ಹೇಳಿಯಾರು. ಮುಪ್ಪಿನ ವೈದ್ಯಕೀಯದಲ್ಲಿ ದೊಡ್ಡ ಹೆಸರಾದ ಮೇರಿ ಟಿನೆಟ್ಟಿ ಮತ್ತು ಸಂಗಡಿಗರು ರೂಪಿಸಿದ ಕ್ರಮದಲ್ಲಿ ಪ್ರಶ್ನೆ ಹೆಚ್ಚು ನಿರ್ದಿಷ್ಟವಾಗಿರುತ್ತದೆ: ಯಾವ ಕೆಲಸ ಮಾಡಲು ಆಗಬೇಕೆಂದು ಬಯಸುತ್ತೀರಿ, ಅದಕ್ಕೆ ಅಡ್ಡಿಯಾಗಿರುವುದು ಯಾವುದು, ಈಗ ನಡೆಯುತ್ತಿರುವ ಚಿಕಿತ್ಸೆಯಲ್ಲಿ ಯಾವುದು ಉಪಯೋಗವಾಗುತ್ತಿದೆ, ಯಾವುದು ಭಾರವಾಗಿದೆ. ಉತ್ತರ ನಿರ್ದಿಷ್ಟವಾದಾಗ ವೈದ್ಯರ ಆಯ್ಕೆಯೂ ಬದಲಾಗುತ್ತದೆ. ರಾತ್ರಿ ಒಂದೇ ಸಲ ಏಳುವಂತಾದರೆ ಸಾಕು ಎನ್ನುವವರಿಗೂ, ಇನ್ನೆರಡು ವರ್ಷ ಹೆಚ್ಚು ಬದುಕಿ ಮೊಮ್ಮಗಳ ಓದು ಮುಗಿಯುವುದನ್ನು ನೋಡಬೇಕು ಎನ್ನುವವರಿಗೂ ಅದೇ ಹೃದಯಕ್ಕೆ ಅದೇ ಔಷಧ ಕೊಟ್ಟರೂ ಪ್ರಮಾಣ ಬೇರೆ, ಸಮಯ ಬೇರೆ, ಒಪ್ಪಿಕೊಳ್ಳುವ ಅಪಾಯವೂ ಬೇರೆ. ಒಂದನ್ನು ಪಡೆಯಲು ಇನ್ನೊಂದನ್ನು ಸ್ವಲ್ಪ ಬಿಟ್ಟುಕೊಡಬೇಕಾಗುತ್ತದೆ ಎಂಬುದನ್ನು ಬಾಯಿಬಿಟ್ಟು ಹೇಳಿದರೆ ಮಾತ್ರ ರೋಗಿ ನಿಜಕ್ಕೂ ಆರಿಸಿಕೊಂಡಂತೆ.

ಎಲ್ಲರೂ ಆರಿಸಿಕೊಳ್ಳಲು ಬಯಸುವುದಿಲ್ಲ ಎಂಬುದನ್ನೂ ಒಪ್ಪಬೇಕು. "ನೀವೇ ಹೇಳಿ ಡಾಕ್ಟರೇ, ನನಗೇನು ಗೊತ್ತು" ಎನ್ನುವುದು ಕೂಡ ಒಂದು ಬಯಕೆಯೇ, ಅದನ್ನು ಗೌರವಿಸುವುದೂ ವ್ಯಕ್ತಿಯನ್ನು ಗೌರವಿಸಿದಂತೆಯೇ. ಆದರೆ ಆ ಮಾತನ್ನು ಯಾರು ಹೇಳುತ್ತಿದ್ದಾರೆ ಎಂಬುದನ್ನು ನೋಡಬೇಕು. ನಾನು ದೊಡ್ಡಮ್ಮನ ಪಕ್ಕದಲ್ಲಿ ಕೂತು, ಅವರಿಗೆ ಕೇಳಿಸುವುದಿಲ್ಲವೆಂಬ ನೆಪದಲ್ಲಿ, ವರ್ಷಗಟ್ಟಲೆ ಅವರ ಪರವಾಗಿ ಉತ್ತರ ಕೊಟ್ಟಿದ್ದೇನೆ. ವೈದ್ಯರೂ ನನ್ನ ಮುಖ ನೋಡಿಯೇ ಮಾತಾಡುತ್ತಿದ್ದರು, ಇಬ್ಬರಿಗೂ ಅದು ಸುಲಭವಾಗಿತ್ತು. "ಅವರು ಹೇಗಿದ್ದಾರೆ?" ಎಂದು ಅವರೆದುರೇ ನನ್ನನ್ನು ಕೇಳುವಾಗ ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು. ನೋಡಿಕೊಳ್ಳುವವರು ಆಧಾರವಾಗಿರುವಂತೆಯೇ ಅಡ್ಡಗೋಡೆಯೂ ಆಗಬಲ್ಲರು ಎಂದು ತಿಳಿಯಲು ನನಗೆ ಆ ದಾದಿಯ ಪ್ರಶ್ನೆ ಬೇಕಾಯಿತು. ಅವರು ದೊಡ್ಡಮ್ಮನಿಗೆ ಕೇಳಿಸುವ ಬದಿಗೆ ಬಂದು ಕೂತು ಕೇಳಿದ್ದರು.

ಇನ್ನು ಸಾಕ್ಷ್ಯದ ವಿಚಾರ, ಇಲ್ಲಿ ಉತ್ಸಾಹಿಗಳು ತುಸು ಮೌನವಾಗುತ್ತಾರೆ. ಅಮೆರಿಕದ ಕ್ಯಾಮ್ಡೆನ್ ನಗರದಲ್ಲಿ ಜೆಫ್ರಿ ಬ್ರೆನ್ನರ್ ಎಂಬ ವೈದ್ಯರು, ಪದೇಪದೇ ಆಸ್ಪತ್ರೆ ಸೇರುವ ಅತಿ ಸಂಕೀರ್ಣ ರೋಗಿಗಳನ್ನು ಹುಡುಕಿ, ದಾದಿಯರು ಮತ್ತು ಸಮಾಜ ಕಾರ್ಯಕರ್ತರ ತಂಡವನ್ನು ಅವರ ಮನೆಗೇ ಕಳಿಸುವ ಯೋಜನೆ ನಡೆಸಿದರು. ಅದು ಬಹಳ ಹೆಸರಾಯಿತು. ಆಮೇಲೆ 800 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಪರೀಕ್ಷಿಸಿದರು. 2020ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ 180 ದಿನಗಳೊಳಗೆ ಮರಳಿ ಆಸ್ಪತ್ರೆ ಸೇರಿದವರು ಆರೈಕೆ ಪಡೆದ ಗುಂಪಿನಲ್ಲಿ ಶೇಕಡಾ 62.3, ಪಡೆಯದ ಗುಂಪಿನಲ್ಲಿ ಶೇಕಡಾ 61.7. ಅದಕ್ಕೆ ಮುಂಚೆ ಆಸ್ಪತ್ರೆ ಸೇರುವಿಕೆಯಲ್ಲಿ ಕಂಡಿದ್ದ ಇಳಿಕೆಯೆಲ್ಲ, ತೀರಾ ಕೆಟ್ಟ ಗಳಿಗೆಯಲ್ಲಿ ಸೇರಿಸಿಕೊಂಡವರು ಹೇಗಿದ್ದರೂ ಸ್ವಲ್ಪ ಸುಧಾರಿಸುತ್ತಾರೆ ಎಂಬ ಸಾಮಾನ್ಯ ನಿಯಮದ ಆಟವಾಗಿತ್ತು. ಬ್ರಿಟನ್ನಿನಲ್ಲಿ 33 ಚಿಕಿತ್ಸಾಲಯಗಳಲ್ಲಿ ಸುಮಾರು ಒಂದೂವರೆ ಸಾವಿರ ಬಹುರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ, ಕಾಯಿಲೆಗೊಂದರಂತೆ ಇದ್ದ ತಪಾಸಣೆಗಳನ್ನು ಸೇರಿಸಿ ಇಡೀ ವ್ಯಕ್ತಿಯನ್ನು ಆರು ತಿಂಗಳಿಗೊಮ್ಮೆ ನೋಡುವ ಕ್ರಮದಿಂದ ಬದುಕಿನ ಗುಣಮಟ್ಟದ ಅಂಕ ಏರಲಿಲ್ಲ. ಆದರೆ ತಮ್ಮನ್ನು ನೋಡಿಕೊಂಡ ರೀತಿ ಸುಧಾರಿಸಿದೆ ಎಂದು ರೋಗಿಗಳು ಸ್ಪಷ್ಟವಾಗಿ ಹೇಳಿದರು.

ಇದನ್ನು ಸೋಲು ಎನ್ನಬೇಕೆ? ವ್ಯಕ್ತಿಕೇಂದ್ರಿತ ಆರೈಕೆಯನ್ನು ಖರ್ಚು ಉಳಿಸುವ ಉಪಾಯವೆಂದು ಮಾರಿದವರಿಗೆ ಇದು ಸೋಲೇ, ಹಾಗೆ ಮಾರಿದ್ದೇ ತಪ್ಪು ಎಂಬುದು ನನ್ನ ಅನಿಸಿಕೆ. ನೋವು ಕಡಿಮೆಯಾಗುವುದಕ್ಕೆ, ತನ್ನ ಮಾತು ಲೆಕ್ಕಕ್ಕೆ ಬರುವುದಕ್ಕೆ, ಒಂದೇ ಕಥೆಯನ್ನು ಹತ್ತು ಸಲ ಹೇಳದೆ ಇರುವುದಕ್ಕೆ ಬೆಲೆ ಇರಲು ಅವು ಆಸ್ಪತ್ರೆಯ ಹಾಸಿಗೆಗಳನ್ನು ಖಾಲಿ ಮಾಡಲೇಬೇಕೆಂದೇನಿಲ್ಲ. ಕಾಲದ ಪ್ರಶ್ನೆಯೂ ಇದೆ. ನಾರ್ವೆಯಲ್ಲಿ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ನೋಡಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಬ್ಬರೇ ಕುಟುಂಬ ವೈದ್ಯರನ್ನು 15 ವರ್ಷಕ್ಕೂ ಹೆಚ್ಚು ಕಾಲ ಹೊಂದಿದ್ದವರು ಸಾಯುವ ಮತ್ತು ತುರ್ತಾಗಿ ಆಸ್ಪತ್ರೆ ಸೇರುವ ಸಂಭವ, ಒಂದೇ ವರ್ಷದ ನಂಟಿನವರಿಗೆ ಹೋಲಿಸಿದರೆ, ಕಾಲು ಭಾಗದಷ್ಟು ಅಥವಾ ಅದಕ್ಕಿಂತ ಹೆಚ್ಚು ಕಡಿಮೆಯಿತ್ತು. ಇದು ಪ್ರಯೋಗವಲ್ಲ, ದಾಖಲೆಗಳಲ್ಲಿ ಕಂಡ ನಂಟು ಮಾತ್ರ. ಆರೋಗ್ಯವಾಗಿರುವವರು ವೈದ್ಯರನ್ನು ಬದಲಿಸದಿರಬಹುದು ಎಂಬ ಅನುಮಾನಕ್ಕೆ ಎಡೆಯಿದೆ. ಆದರೂ ಕೆಲವು ತಿಂಗಳ ಯೋಜನೆಗೂ ಹದಿನೈದು ವರ್ಷದ ಪರಿಚಯಕ್ಕೂ ಇರುವ ವ್ಯತ್ಯಾಸವನ್ನು ಈ ಅಂಕಿಗಳು ಯೋಚಿಸುವಂತೆ ಮಾಡುತ್ತವೆ. ಬಜೆಟ್ ಇರುವ ತನಕ ಬಂದು, ಮುಗಿದ ಮೇಲೆ ಮಾಯವಾಗುವ ಸಂಯೋಜಕರಿಂದ ರೋಗಿಗೆ ಸಿಗುವುದು ಪರಿಚಯ ಹೇಳಿಕೊಳ್ಳಬೇಕಾದ ಇನ್ನೊಂದು ಮುಖ.

ಹಾಗಾದರೆ ಬೇಕಾದದ್ದೇನು? ಕಂಪ್ಯೂಟರಿನಲ್ಲಿ ಎಲ್ಲ ದಾಖಲೆಗಳೂ ಒಂದೆಡೆ ಸಿಗುವುದು ಒಳ್ಳೆಯದೇ, ಆದರೆ ಒಂದೆಡೆ ಇರುವ ಕಡತವನ್ನೂ ಯಾರಾದರೂ ಓದಬೇಕು. ಓದುವುದು ತನ್ನ ಕೆಲಸವೆಂದು ತಿಳಿದಿರುವ ಒಬ್ಬ ವ್ಯಕ್ತಿ, ವೈದ್ಯರಾಗಲಿ ದಾದಿಯಾಗಲಿ ಫಾರ್ಮಸಿಸ್ಟ್ ಆಗಲಿ, ಹೆಸರು ಹಿಡಿದು ಕರೆಯಬಹುದಾದವರು ಇರಬೇಕು. ಅವರಿಗೆ ಸಾಮಾನ್ಯಕ್ಕಿಂತ ಉದ್ದದ ಭೇಟಿಗೆ ಅವಕಾಶವಿರಬೇಕು. ಬೇರೆ ವಿಭಾಗದವರು ಬರೆದ ಔಷಧವನ್ನು, ಅವರೊಡನೆ ಮಾತಾಡಿ, ನಿಲ್ಲಿಸುವ ಅಧಿಕಾರವೂ ಇರಬೇಕು. ಈ ಕೊನೆಯದು ಹೆಚ್ಚು ಕಷ್ಟದ್ದು. ಔಷಧ ಆರಂಭಿಸುವುದಕ್ಕೆ ಮಾರ್ಗಸೂಚಿಗಳು ಹೇರಳವಾಗಿವೆ, ನಿಲ್ಲಿಸುವುದಕ್ಕೆ ಬೇಕಾದ ಧೈರ್ಯವನ್ನು ಒಬ್ಬೊಬ್ಬರೇ ಕೂಡಿಸಿಕೊಳ್ಳಬೇಕು. ನಿಲ್ಲಿಸಿದ ಮೇಲೆ ಏನಾದರೂ ಆದರೆ ಬೆರಳು ಅವರ ಕಡೆ ತಿರುಗುತ್ತದೆ, ಮುಂದುವರಿಸಿ ಏನಾದರೂ ಆದರೆ ಕಾಯಿಲೆಯ ಕಡೆ.

ದೊಡ್ಡಮ್ಮನ ವಿಷಯದಲ್ಲಿ ಅಂಥ ಒಬ್ಬರು ಸಿಗಲು ಮೂರು ವರ್ಷ ಹಿಡಿಯಿತು. ಅವರು ನೋವಿನ ಮಾತ್ರೆಯನ್ನು ನಿಲ್ಲಿಸಿದರು, ಅದರ ಬೆನ್ನಿಗೆ ಬಂದಿದ್ದ ಎರಡನ್ನು ಒಂದೊಂದಾಗಿ, ನಡುವೆ ವಾರಗಳ ಅಂತರವಿಟ್ಟು ಬಿಡಿಸಿದರು. ಕಣ್ಣಿನ ಮತ್ತು ಕಿಡ್ನಿಯ ಭೇಟಿಗಳನ್ನು ಒಂದೇ ದಿನಕ್ಕೆ ತಂದರು. ಮೊಣಕಾಲಿನ ನೋವು ಪೂರ್ತಿ ಹೋಗಿಲ್ಲ. ಅದರೊಡನೆ ಎಷ್ಟರ ಮಟ್ಟಿಗೆ ಬದುಕಬಲ್ಲೆ ಎಂಬುದನ್ನು ದೊಡ್ಡಮ್ಮನೇ ತೀರ್ಮಾನಿಸಿದ್ದಾರೆ. ಕಡತದ ಮೊದಲ ಪುಟಕ್ಕೆ ಈಗ ದೊಡ್ಡ ಅಕ್ಷರದ ಒಂದು ಹಾಳೆ ಅಂಟಿಸಿದೆ. "ಎಡಗಿವಿಯ ಬದಿಯಲ್ಲಿ ಕೂತು ಮಾತಾಡಿ. ಹೊರಗೆ ಹೋಗುವ ದಿನ ನೀರಿನ ಮಾತ್ರೆ ಮಧ್ಯಾಹ್ನ. ಹೊಸ ಔಷಧ ಬರೆಯುವ ಮೊದಲು ಈ ಪಟ್ಟಿ ನೋಡಿ." ನಾಲ್ಕನೆಯ ಸಾಲನ್ನು ದೊಡ್ಡಮ್ಮ ತಾವೇ ಬರೆಯಿಸಿದರು: "ಪ್ರಶ್ನೆಯನ್ನು ನನ್ನನ್ನೇ ಕೇಳಿ." ಬರೆಯಿಸುವಾಗ ಅವರು ನನ್ನ ಕಡೆ ನೋಡಲಿಲ್ಲ.